ಹಾಸಿಗೆ ಪಕ್ಕದ ಕರೆಂಟು: ಯಾವುದು ಎಷ್ಟು ದೂರ ಇರಬೇಕು?

ಮೊದಲು ತಲೆದಿಂಬಿನ ಹಿಂದಿನ ಗೋಡೆಯ ಆಚೆ ಬದಿ ನೋಡಿ. ಅಲ್ಲಿ ಮೀಟರ್ ಬೋರ್ಡ್, ಫ್ರಿಜ್ ಅಥವಾ ಇನ್ವರ್ಟರ್ ಇದ್ದರೆ, ನಡುವೆ ಗೋಡೆ ಇದೆಯಲ್ಲ ಎಂದು ಸುಮ್ಮನಾಗಬೇಡಿ. ಕರೆಂಟು ಹರಿಯುವಲ್ಲೆಲ್ಲ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ, ಇಟ್ಟಿಗೆ, ಸಿಮೆಂಟು ಅದನ್ನು ತಡೆಯುವುದಿಲ್ಲ. ಅದನ್ನು ತಗ್ಗಿಸುವುದು ದೂರ. ಮೋಟರ್, ಟ್ರಾನ್ಸ್‌ಫಾರ್ಮರ್ ಇರುವ ಸಾಧನದಿಂದ ಎರಡರಷ್ಟು ದೂರ ಸರಿದರೆ ಕ್ಷೇತ್ರ ಸುಮಾರು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಫ್ರಿಜ್, ಟಿವಿಗೆ ಒಂದು ಮೀಟರ್ ಸಾಕು. ಮೀಟರ್ ಬೋರ್ಡಿಗೆ ಒಂದೂವರೆ ಮೀಟರ್ ಬಿಡಿ.

ಸಾಧನವನ್ನು ಗೋಡೆಯ ಸ್ವಿಚ್‌ನಲ್ಲೇ ಆಫ್ ಮಾಡಿದರೆ ಕರೆಂಟು ಹರಿಯದು, ಕಾಂತಕ್ಷೇತ್ರವೂ ಇರದು.

ಅಳೆಯಬೇಕೆಂದರೆ ಮನೆಯ ಕರೆಂಟಿನ 50 ಹರ್ಟ್ಸ್ ಕಾಂತಕ್ಷೇತ್ರ ಅಳೆಯುವ ಗಾಸ್‌ಮೀಟರ್ ಎಂಬ ಉಪಕರಣ ಬೇಕು. ಮೊಬೈಲ್ ಆ್ಯಪ್ ತೋರಿಸುವ 25ರಿಂದ 65 ಮೈಕ್ರೋಟೆಸ್ಲಾ (ಕಾಂತಕ್ಷೇತ್ರದ ಅಳತೆಮಾನ) ಭೂಮಿಯದೇ ಕಾಂತಕ್ಷೇತ್ರ. ಅದನ್ನು ಕಂಡು ಗಾಬರಿಯಾಗುವವರು ಬಹಳ. ಫ್ರಿಜ್ಜಿನ ಕಂಪ್ರೆಸರ್ ಓಡುತ್ತಿರುವಾಗ, ರಾತ್ರಿ ಉರಿಯುವುದೆಲ್ಲ ಆನ್ ಇರುವಾಗ, ಗಾಸ್‌ಮೀಟರನ್ನು ದಿಂಬಿನ ಮೇಲಿಟ್ಟು ಅಳೆಯಿರಿ. ಅದು ಮಿಲಿಗಾಸ್‌ನಲ್ಲಿ ತೋರಿಸಿದರೆ, 10 ಮಿಲಿಗಾಸ್ ಅಂದರೆ 1 ಮೈಕ್ರೋಟೆಸ್ಲಾ. ಹತ್ತಿರ ಯಾವ ಸಾಧನವೂ ಇಲ್ಲದೆ ಅಂಕಿ ಏರಿದ್ದರೆ ಮೇನ್ ಸ್ವಿಚ್ ಆರಿಸಿ ನೋಡಿ. ಆಗ ಇಳಿದರೆ ಮನೆಯ ವೈರಿಂಗ್‌ನಲ್ಲೇ ದೋಷವಿರಬಹುದು: ಫೇಸ್, ನ್ಯೂಟ್ರಲ್ ಬೇರೆ ಬೇರೆ ದಾರಿ ಹಿಡಿದಾಗ ಒಂದರ ಕ್ಷೇತ್ರವನ್ನು ಇನ್ನೊಂದು ರದ್ದು ಮಾಡುವುದಿಲ್ಲ. ಎಲೆಕ್ಟ್ರಿಷಿಯನ್ ಸರಿಪಡಿಸಬಲ್ಲರು.

ಇಂಥ ಕ್ಷೇತ್ರಗಳಿಗೆ ಸುರಕ್ಷತಾ ಮಿತಿ ಸೂಚಿಸುವ ಅಂತರರಾಷ್ಟ್ರೀಯ ಆಯೋಗ ಐಸಿಎನ್‌ಐಆರ್‌ಪಿ 2010ರಲ್ಲಿ ಸಾರ್ವಜನಿಕರಿಗೆ ಸೂಚಿಸಿದ ಮಿತಿ 200 ಮೈಕ್ರೋಟೆಸ್ಲಾ. ಮನೆಯ ಹಾಸಿಗೆ ಅದರ ಹತ್ತಿರಕ್ಕೂ ಹೋಗದು. ಆದರೆ ಸರಾಸರಿ 0.3–0.4 ಮೈಕ್ರೋಟೆಸ್ಲಾ ಮೀರಿದ ಮನೆಗಳಲ್ಲಿ ಮಕ್ಕಳ ರಕ್ತಕ್ಯಾನ್ಸರ್ ಹೆಚ್ಚು ಕಂಡದ್ದರಿಂದ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 2002ರಲ್ಲಿ ಇಂಥ ಕಾಂತಕ್ಷೇತ್ರವನ್ನು ‘ಕ್ಯಾನ್ಸರ್‌ಕಾರಕ ಇರಬಹುದು’ ಎಂಬ 2ಬಿ ಗುಂಪಿಗೆ ಸೇರಿಸಿತು. ಕಾರಣ ಇದೇ ಎಂದು ಸಾಬೀತಾಗಿಲ್ಲ. ಆದರೂ ತೊಟ್ಟಿಲು ಸರಿಸಲು ಖರ್ಚೇನೂ ಇಲ್ಲ, ಸರಿಸಿಬಿಡಿ.

ನಮ್ಮ ಮಟ್ಟಿಗೆ ಹೆಚ್ಚು ಹೆದರಬೇಕಾದದ್ದು ಬೆಂಕಿಗೆ. ಚಾರ್ಜ್ ಆಗುತ್ತಿರುವ ಫೋನ್ ದಿಂಬಿನಡಿ ಇದ್ದರೆ ಶಾಖ ಹೊರಹೋಗದೆ ಲಿಥಿಯಂ ಬ್ಯಾಟರಿ ಕೆಡುತ್ತದೆ, ಹೊತ್ತಿಕೊಳ್ಳಲೂಬಹುದು. ಗಟ್ಟಿ ಮೇಜಿನ ಮೇಲಿಡಿ. ಎಕ್ಸ್‌ಟೆನ್ಷನ್ ಬಾಕ್ಸ್ ಹಾಸಿಗೆಯಡಿ, ಪರದೆಗೆ ತಾಗಿ ಇರಬಾರದು. ಹೀಟರನ್ನು ಅದಕ್ಕೆ ಸಿಕ್ಕಿಸಲೇಬೇಡಿ. ಪ್ಲಗ್ ಕೈಗೆ ಬಿಸಿ ತಾಗಿದರೆ ಒಳಗಿನ ಹಿಡಿತ ಸಡಿಲವಾಗಿರಬಹುದು, ಸಾಕೆಟ್ ಬದಲಿಸಿ.

ನೀರು ಹಾಕುವ ಇನ್ವರ್ಟರ್ ಬ್ಯಾಟರಿಯಂತೂ ಮಲಗುವ ಕೋಣೆಯಲ್ಲಿ ಬೇಡವೇ ಬೇಡ. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಹೊರಬರುತ್ತದೆ, ಗಾಳಿಯಲ್ಲಿ ಶೇ. 4 ತಲುಪಿದರೆ ಒಂದು ಕಿಡಿ ಸಾಕು. ಕಿಟಕಿ ತೆರೆದಿರುವ, ಯಾರೂ ಮಲಗದ ಜಾಗಕ್ಕೆ ಸಾಗಿಸಿ.