ಮೆನುವಿನಲ್ಲಿ ತೆರೆದಿರುವ ಪುಟ ಎದ್ದುಕಾಣುವಂತೆ ಮಾಡುವುದು ಹೇಗೆ?

ಮುಂಬಯಿ ಭಾಗದ ಮಾಟುಂಗಾ, ಡೊಂಬಿವಲಿ ಕಡೆಯ ಕನ್ನಡ ಸಂಘಗಳ ಜಾಲತಾಣಗಳನ್ನು ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುವ ಉತ್ಸಾಹಿ ಸದಸ್ಯರ ಕೆಲಸದಲ್ಲಿ ಒಂದೇ ತಪ್ಪನ್ನು ಮತ್ತೆ ಮತ್ತೆ ಕಂಡಿದ್ದೇನೆ. ಓದುಗರು ‘ಕಾರ್ಯಕ್ರಮ’ ಪುಟ ತೆರೆದರೂ ಮೆನುವಿನಲ್ಲಿ ‘ಮುಖಪುಟ’ವೇ ಬಣ್ಣ ತಳೆದಿರುತ್ತದೆ. ಇದನ್ನು ಸರಿಪಡಿಸಲು ಮೆನುವನ್ನು ಪ್ರತಿ ಪುಟಕ್ಕೂ ನಕಲು ಮಾಡುವವರಿದ್ದಾರೆ; ಹಾಗೆ ಮಾಡಬಾರದು, ಮುಂದೆ ಒಂದು ಹೊಸ ಕೊಂಡಿ ಸೇರಿಸಬೇಕಾದಾಗ ಎಲ್ಲ ಪುಟಗಳನ್ನೂ ತಿದ್ದಬೇಕಾಗುತ್ತದೆ.

ಮೊದಲು, ಮೆನುವನ್ನು ಒಂದೇ ಪಿಎಚ್‌ಪಿ (ಸರ್ವರ್‌ನಲ್ಲೇ ಪುಟವನ್ನು ಸಿದ್ಧಪಡಿಸುವ ಭಾಷೆ) ಫೈಲಿನಲ್ಲಿಟ್ಟು, ಕೊಂಡಿಗಳ ಹೆಸರು ಮತ್ತು ವಿಳಾಸಗಳನ್ನು ಪಟ್ಟಿಯಾಗಿ ಬರೆದು, ಲೂಪ್ (ಪಟ್ಟಿಯ ಪ್ರತಿಯೊಂದಕ್ಕೂ ಮರುಕಳಿಸುವ ಆಜ್ಞೆ) ಮೂಲಕ ಮುದ್ರಿಸಿ.

ಎರಡನೆಯದು, ತೆರೆದಿರುವ ಪುಟದ ವಿಳಾಸವನ್ನು ಪಡೆದು ಪಟ್ಟಿಯ ವಿಳಾಸಗಳೊಂದಿಗೆ ಹೋಲಿಸುವುದು. ಹೆಚ್ಚಿನವರು ಎಡವುವುದು ಇಲ್ಲಿಯೇ. ಸರ್ವರ್ ಕೊಡುವ ‘ರಿಕ್ವೆಸ್ಟ್ ಯುಆರ್‌ಐ’ಯಲ್ಲಿ (REQUEST_URI, ಓದುಗರು ಕೇಳಿದ ವಿಳಾಸ) ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗವೂ ಇರುತ್ತದೆ, ಫೇಸ್‌ಬುಕ್‌ನಿಂದ ಬಂದವರ ವಿಳಾಸಕ್ಕೆ ‘ಎಫ್‌ಬಿಕ್ಲಿಡ್’ (fbclid) ಎಂಬ ಬಾಲ ಅಂಟಿಕೊಂಡಿರುವುದರಿಂದ ಹೋಲಿಕೆ ತಪ್ಪಿಹೋಗುತ್ತದೆ. ಆದ್ದರಿಂದ ‘ಪಾರ್ಸ್ ಯುಆರ್‌ಎಲ್’ (parse_url) ಫಂಕ್ಷನ್ ಬಳಸಿ ಪಥವನ್ನಷ್ಟೇ, ಅಂದರೆ ತಾಣದ ಹೆಸರಿನ ನಂತರ ಪ್ರಶ್ನಾರ್ಥಕ ಚಿಹ್ನೆಯವರೆಗಿನ ಭಾಗವನ್ನಷ್ಟೇ, ತೆಗೆದುಕೊಳ್ಳಿ. ವಿಳಾಸವೇ ಕನ್ನಡದಲ್ಲಿದ್ದರೆ, ‘ಕ’ ಎಂಬ ಒಂದೇ ಅಕ್ಷರ ಶೇಕಡಾ ಚಿಹ್ನೆಗಳೊಂದಿಗೆ ಒಂಬತ್ತು ಅಕ್ಷರಗಳಾಗಿ ಬರುತ್ತದೆ. ಅದನ್ನು ‘ರಾ ಯುಆರ್‌ಎಲ್ ಡಿಕೋಡ್’ (rawurldecode) ಮೂಲಕ ಮೂಲರೂಪಕ್ಕೆ ತರದೆ ಹೋಲಿಸಿದರೆ ಎಂದಿಗೂ ತಾಳೆಯಾಗುವುದಿಲ್ಲ. ಕೊನೆಯ ಓರೆಗೆರೆಯನ್ನೂ (/) ಕತ್ತರಿಸಿ. ಆಗ ಮುಖಪುಟದ ಪಥ ಬರಿದಾಗುವುದರಿಂದ ಅದಕ್ಕೆ ಮತ್ತೆ ಒಂದು ಓರೆಗೆರೆಯನ್ನು ಕೊಡಿ.

ಹೋಲಿಕೆ ಪೂರ್ಣ ಸಮಾನತೆಯದ್ದೇ ಆಗಿರಬೇಕು. ‘ಒಳಗೊಂಡಿದೆಯೇ’ ಎಂದು ನೋಡಿದರೆ, ಮುಖಪುಟದ ಓರೆಗೆರೆ ಎಲ್ಲ ವಿಳಾಸಗಳಲ್ಲೂ ಇರುವುದರಿಂದ ಅದು ಸದಾ ಬೆಳಗುತ್ತದೆ. ‘ಕಾರ್ಯಕ್ರಮ-ಚಿತ್ರಗಳು’ ಪುಟದಲ್ಲಿ ‘ಕಾರ್ಯಕ್ರಮ’ವೂ ಬೆಳಗುತ್ತದೆ. ಉಪಪುಟಗಳಲ್ಲಿ ಮೂಲ ಕೊಂಡಿಯನ್ನೂ ಗುರುತಿಸಬೇಕೆಂದರೆ, ಪಥವು ‘/ಕಾರ್ಯಕ್ರಮ/’ ಎಂದು, ಕೊನೆಯ ಓರೆಗೆರೆಯೂ ಸೇರಿದಂತೆ, ಆರಂಭವಾಗುತ್ತದೆಯೇ ಎಂದು ನೋಡಿ. ಈ ನಿಯಮದಿಂದ ಮುಖಪುಟವನ್ನು ಹೊರಗಿಡಿ.

ಮೂರನೆಯದು, ತಾಳೆಯಾದ ಕೊಂಡಿಗೆ ‘ಏರಿಯಾ-ಕರೆಂಟ್’ ಗುಣಲಕ್ಷಣವನ್ನು ‘ಪೇಜ್’ ಎಂಬ ಬೆಲೆಯೊಂದಿಗೆ (aria-current=\"page\") ಕೊಡಿ. 2017ರಲ್ಲಿ ಶಿಫಾರಸಾದ ವೈ-ಏರಿಯಾ 1.1ರಲ್ಲಿ (WAI-ARIA, ಜಾಲಪುಟಗಳು ಅಂಗವಿಕಲರಿಗೂ ಎಟುಕುವಂತೆ ಮಾಡುವ ಮಾನದಂಡ) ಬಂದ ಇದರಿಂದ, ಪರದೆ ಓದುವ ತಂತ್ರಾಂಶ ಬಳಸುವ ದೃಷ್ಟಿಹೀನರಿಗೂ ತಾವಿರುವ ಪುಟ ಯಾವುದೆಂದು ತಿಳಿಯುತ್ತದೆ. ಇದಕ್ಕೆಂದು ಬೇರೆ ಕ್ಲಾಸ್ (ಅಲಂಕಾರಕ್ಕಾಗಿ ಕೊಡುವ ಗುರುತಿನ ಹೆಸರು) ಬೇಡ. ಸಿಎಸ್‌ಎಸ್‌ನಲ್ಲಿ (ಪುಟದ ಅಲಂಕಾರವನ್ನು ಬರೆಯುವ ಭಾಷೆ) ಈ ಗುಣಲಕ್ಷಣವನ್ನೇ ಆಯ್ದು ಅಲಂಕರಿಸಿ.

ಅಲಂಕಾರಕ್ಕೆ ಬಣ್ಣವೊಂದೇ ಸಾಲದು, ಅಡಿಯಲ್ಲಿ ಗೆರೆಯೂ ಇರಲಿ. ಆದರೆ ‘ಅಂಡರ್‌ಲೈನ್’ ಬೇಡ, ‘ಬಾರ್ಡರ್-ಬಾಟಮ್’ ಬಳಸಿ. ಇಲ್ಲವಾದರೆ ‘ಕಾರ್ಯಕ್ರಮ’ದ ಒತ್ತಕ್ಷರಗಳ ಬಳಿ ಗೆರೆ ಅಕ್ಷರವನ್ನು ಕೊಯ್ಯುತ್ತದೆ ಅಥವಾ ತುಂಡುತುಂಡಾಗುತ್ತದೆ. ದಪ್ಪ ಅಕ್ಷರವೂ ಬೇಡ, ಅಗಲ ಬದಲಾಗಿ ಮೆನು ಅಲುಗಾಡುತ್ತದೆ.

ಜಾವಾಸ್ಕ್ರಿಪ್ಟ್‌ನ ಸಿದ್ಧ ತುಣುಕುಗಳನ್ನು ಅಂಟಿಸುವ ಅಡ್ಡದಾರಿಯನ್ನು ನಾನು ಒಪ್ಪುವುದಿಲ್ಲ. ಲೋಕಲ್ ರೈಲಿನಲ್ಲಿ ಮೊಬೈಲ್ ಸಂಪರ್ಕ ಕುಂಟುತ್ತಿರುವಾಗ ಸ್ಕ್ರಿಪ್ಟ್ ತಡವಾಗಿ ಬರುತ್ತದೆ, ಅಲ್ಲಿಯವರೆಗೆ ಮೆನುವಿನಲ್ಲಿ ಯಾವ ಗುರುತೂ ಇರುವುದಿಲ್ಲ.

ಕೊನೆಗೆ ಪ್ರತಿಯೊಂದು ಕೊಂಡಿಯನ್ನೂ ಒತ್ತಿ ನೋಡಿ, ವಿಳಾಸದ ತುದಿಗೆ ಓರೆಗೆರೆ ಸೇರಿಸಿಯೂ ಪರೀಕ್ಷಿಸಿ. ಆಗಲೂ ಹಿಂದಿನ ಪುಟವೇ ಬೆಳಗುತ್ತಿದ್ದರೆ, ಮೆನುವಿನ ತುಣುಕನ್ನು ಕ್ಯಾಶ್ ಮಾಡುವ, ಅಂದರೆ ಒಮ್ಮೆ ಸಿದ್ಧವಾದುದನ್ನು ಉಳಿಸಿಟ್ಟು ಮತ್ತೆ ಮತ್ತೆ ಕೊಡುವ, ಪ್ಲಗಿನ್ (ತಾಣಕ್ಕೆ ಸೇರಿಸಿದ ಹೆಚ್ಚುವರಿ ತಂತ್ರಾಂಶ) ಇದೆಯೇ ಎಂದು ನೋಡಿ, ಮೆನುವಿನ ಮಟ್ಟಿಗೆ ಅದನ್ನು ನಿಲ್ಲಿಸಿ.