ಪಾಮೊಲಿನ್ ಇಲ್ಲದ ಚಕ್ಕುಲಿ: ಸಿಂಗಪುರದಲ್ಲಿ ನನ್ನ ಅನುಭವ

ಪಾಮೊಲಿನ್ (ಪಾಮ್ ಅಂದರೆ ತಾಳೆ ಎಣ್ಣೆ) ಬಿಟ್ಟು ಕರಿದ ಚಕ್ಕುಲಿಗೆ ಐವತ್ತು ಸೆಂಟ್ ಜಾಸ್ತಿ ಕೊಡ್ತೀರಾ ಎಂದು, ಇಂಡೋನೇಷ್ಯಾದಲ್ಲಿ ತಾಳೆ ತೋಟಕ್ಕಾಗಿ ಹಚ್ಚಿದ ಬೆಂಕಿಯ ಹೊಗೆ ಕವಿದ ದಿನ ಕೇಳಿದರೆ ಸಿಂಗಪುರದಲ್ಲಿ ಎಲ್ಲರೂ ಹೂಂ ಅನ್ನುತ್ತಾರೆ. ಗಾಳಿಯ ಮಾಲಿನ್ಯ ಅಳೆಯುವ ಪಿಎಸ್‌ಐ ಸೂಚ್ಯಂಕ 50ಕ್ಕೆ ಇಳಿದು ಗಾಳಿ ತಿಳಿಯಾದ ಮೇಲೆ ಅದೇ ಕೈ ಅಗ್ಗದ ಪೊಟ್ಟಣಕ್ಕೆ ಹೋಗುತ್ತದೆ. 2019ರ ಸೆಪ್ಟೆಂಬರ್‌ನ ಹೂಂಗಳನ್ನು ನಂಬಿ ಆ ದೀಪಾವಳಿಗೆ ಕರಿದ ಸರಕಿನಲ್ಲಿ ಅರ್ಧದಷ್ಟು ಉಳಿಯಿತು.

ಮೊದಲು ಎಣ್ಣೆಯ ಕಥೆ. ಸೂರ್ಯಕಾಂತಿ ಸೋತಿತು: ನಾಲ್ಕನೇ ದಿನಕ್ಕೆ ಬಾಣಲೆಯ ಅಂಚಿಗೆ ಅಂಟು ಹಿಡಿದು ನೊರೆ ಬಂತು, ಚಕ್ಕುಲಿ ಮೂರು ವಾರಕ್ಕೆ ಕಮಟು. ಕೊಬ್ಬರಿ ಎಣ್ಣೆ ಮಂಗಳೂರಿನವರಿಗೆ ಇಷ್ಟವಾಯಿತು, ಆದರೆ ಖರ್ಚು ಉಳಿಸಲು ಬೇರೆ ಎಣ್ಣೆ ಬೆರೆಸಿದೆ ನೋಡಿ, ಹಾಲಿನಂತೆ ಉಕ್ಕಿತು. ಕೊಬ್ಬರಿ ಎಣ್ಣೆಗೆ ಬೇರೆ ಎಣ್ಣೆ ಬೆರೆಸಲೇಬೇಡಿ. ನಿಂತದ್ದು ಅಕ್ಕಿ ತೌಡಿನ ಎಣ್ಣೆ. 170–175 ಡಿಗ್ರಿಯಲ್ಲಿ ಕರಿಯುವುದು, ಪ್ರತಿ ಸಂಜೆ ಸೋಸುವುದು, ಪೋಲಾರ್ ಅಂಶ (ಕರಿದಷ್ಟೂ ಎಣ್ಣೆ ಕೆಟ್ಟು ಹೆಚ್ಚುವುದು) 25% ತಲುಪುವ ಮೊದಲೇ ಚೆಲ್ಲುವುದು. ಹಿಟ್ಟಿಗೆ ವನಸ್ಪತಿ ಹಾಕುತ್ತಿದ್ದರೆ ಅದನ್ನೂ ಬಿಡಬೇಕು, ಪಾಮ್ ಕದ್ದು ಕೂತಿರುವುದು ಹೆಚ್ಚಾಗಿ ಅಲ್ಲೇ. ಅದರ ಬದಲು ಏನನ್ನು ಎಷ್ಟು ಹಾಕುತ್ತೇನೆ ಎಂಬುದು ಮಾತ್ರ ನನ್ನಲ್ಲೇ ಇರಲಿ.

ಚಕ್ಕುಲಿ ತೂಕದಲ್ಲಿ ಮೂರನೇ ಒಂದು ಭಾಗ ಎಣ್ಣೆಯೇ. 200 ಗ್ರಾಂ ಪೊಟ್ಟಣಕ್ಕೆ ಪಾಮೊಲಿನ್‌ಗಿಂತ ಎಣ್ಣೆಯ ಹೆಚ್ಚುವರಿ ಖರ್ಚು 20 ಸೆಂಟ್ ಆಸುಪಾಸು, ಬೇಗ ಚೆಲ್ಲುವ ಎಣ್ಣೆ ಸೇರಿದರೆ 30. 2022ರ ಏಪ್ರಿಲ್ 28ರಿಂದ ಇಂಡೋನೇಷ್ಯಾ ಪಾಮ್ ರಫ್ತು ನಿಲ್ಲಿಸಿದಾಗ ಈ ಅಂತರ ಕರಗಿತು. ಗೆದ್ದೆ ಅಂದುಕೊಂಡೆ. ರಫ್ತು ತೆರೆದು ಬೆಲೆ ಬಿದ್ದಾಗ ಅಂತರವೂ ವಾಪಸಾಯಿತು.

ಇನ್ನು ಗಿರಾಕಿಗಳು. ತಾಳೆ ತೋಟಕ್ಕೆ ಕಾಡು ಕಡಿದಾಗ ನೆಲೆ ಕಳೆದುಕೊಳ್ಳುವ ಒರಾಂಗುಟಾನ್ ವಾನರದ ಚಿತ್ರ ಅಂಟಿಸಿದರೆ ಅಯ್ಯೋ ಪಾಪ ಅಂದು ಮುಂದೆ ಹೋಗುತ್ತಾರೆ. ತಾಳೆ ನೆಡಲು ಇಂಡೋನೇಷ್ಯಾದ ರಿಯಾವಿನ ಜೌಗು ನೆಲಕ್ಕೆ ಕಾಲುವೆ ತೋಡಿ ಒಣಗಿಸುವುದು, ಬೆಂಕಿ ನೆಲದೊಳಗೇ ವಾರಗಟ್ಟಲೆ ಹೊಗೆಯಾಡುವುದು, ಇದನ್ನು ವಿವರಿಸಿದರೆ ಉತ್ತರ ಸಿದ್ಧ: ಹೊಗೆ ಎಬ್ಬಿಸುವ ಕಂಪನಿಗಳನ್ನು ಹಿಡಿಯಲಿ, ಸಿಂಗಪುರದಲ್ಲಿ 2014ರಲ್ಲೇ ಅದಕ್ಕೆ ಕಾನೂನು ಬಂದಿದೆಯಲ್ಲ! ತನ್ನ ಕೈಯ ಪೊಟ್ಟಣಕ್ಕೂ ಆ ಹೊಗೆಗೂ ಸಂಬಂಧವಿದೆ ಎಂದರೆ ಮುಖ ಬಿಗಿಯುತ್ತದೆ. ಪೊಟ್ಟಣದ ಮೇಲೆ "ಎಣ್ಣೆ 65 ಗ್ರಾಂ, ಅಕ್ಕಿ ತೌಡಿನದು" ಎಂದು ಬರೆದೆ. ಕೊಲೆಸ್ಟ್ರಾಲ್‌ನವರು ಓಡಿಹೋದರು. ಗ್ರಾಂ ಅಳಿಸಿದೆ, ಎಣ್ಣೆಯ ಹೆಸರು ಉಳಿಸಿದೆ.

ಕೊನೆಗೆ ಕೆಲಸ ಮಾಡಿದ್ದು ತಕ್ಕಡಿ. ಬೆಲೆ 5 ಡಾಲರ್‌ನಲ್ಲೇ ಇಟ್ಟು ತೂಕ 180 ಗ್ರಾಂ ಮಾಡಿದೆ, ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ, ಯಾಕೆ ಕಡಿಮೆ ಎಂದು ಒಂದು ಸಾಲಿನಲ್ಲಿ ಹೇಳಿ. ಇಪ್ಪತ್ತು ಗ್ರಾಂ ಎಂದರೂ ಅದೇ ಐವತ್ತು ಸೆಂಟ್. ಕೈಯಿಂದ ಕೊಡಲು ನೋವು, ಚಕ್ಕುಲಿಯಲ್ಲಿ ಬಿಟ್ಟುಕೊಡಲು ಇಲ್ಲ. ಹೊಗೆ ಇಲ್ಲದ ತಿಂಗಳಲ್ಲೂ ಹತ್ತು ಪೊಟ್ಟಣದಲ್ಲಿ ಏಳೆಂಟು ಹೋಗುತ್ತವೆ. ತೂಕವನ್ನು ಮುಚ್ಚಿಟ್ಟು ಮಾಡಬೇಡಿ, ಒಬ್ಬರು ತೂಗಿ ನೋಡಿದರೆ ಮುಗಿಯಿತು.

ಆರ್‌ಎಸ್‌ಪಿಒ (ಪರಿಸರಕ್ಕೆ ಹಾನಿ ಕಡಿಮೆ ಮಾಡಿ ಬೆಳೆದ ಪಾಮ್‌ಗೆ ಮುದ್ರೆ ಕೊಡುವ ಸಂಸ್ಥೆ) ಪ್ರಮಾಣಿತ ಪಾಮೊಲಿನ್ ಕೂಡ ನೋಡಿದೆ. ಹೆಕ್ಟೇರಿಗೆ ಪಾಮ್ ಕೊಡುವಷ್ಟು ಎಣ್ಣೆ ಸೋಯಾ ಕೊಡುವುದಿಲ್ಲ, ಹಾಗಾಗಿ ಬಹಿಷ್ಕಾರವೊಂದೇ ದಾರಿ ಎಂದು ನಾನೂ ಹೇಳುವುದಿಲ್ಲ. ಆದರೆ ಅಗ್ಗಕ್ಕೆ ಸಿಗುವುದು 'ಮಾಸ್ ಬ್ಯಾಲೆನ್ಸ್', ಅಂದರೆ ಪ್ರಮಾಣಿತವೂ ಅಲ್ಲದ್ದೂ ಒಂದೇ ಟ್ಯಾಂಕಿನಲ್ಲಿ. ಗಿರಾಕಿಗೆ ಅದನ್ನು ಎರಡು ನಿಮಿಷದಲ್ಲಿ ಹೇಳಲಾಗದು. ತೌಡು ಅಕ್ಕಿ ಗಿರಣಿಯಲ್ಲಿ ಹೇಗೂ ಬೀಳುತ್ತದೆ ಎಂದರೆ ತಕ್ಷಣ ಅರ್ಥವಾಗುತ್ತದೆ.

ಕೋಡುಬಳೆಗೆ ಈ ಲೆಕ್ಕ ಇನ್ನೂ ಕೂಡಿಬಂದಿಲ್ಲ. ಸಣ್ಣ ಉರಿಯಲ್ಲಿ ಹೊತ್ತು ಹಿಡಿಯುತ್ತದೆ, ಎಣ್ಣೆ ಬೇಗ ಕಪ್ಪಾಗುತ್ತದೆ.