ಏರಿನ ತಿರುವು ಆರಿಸಿಕೊಟ್ಟ ಗಾಡಿ

ಕೊಡಗಿನ ಚೇರಂಬಾಣೆ ಹತ್ತಿರ ನಮ್ಮ ಮನೆ. ಡಾಂಬರು ರಸ್ತೆಯಿಂದ ಮನೆಗೆ ಸುಮಾರು 400 ಮೀಟರ್ ತೋಟದ ದಾರಿ. ಅದರಲ್ಲಿ ಒಂದು ಕಡಿದಾದ ಏರು, ಏರಿನ ನಡುವೆಯೇ ಒಂದು ತಿರುವು. ಒಂದು ಕಡೆ ಬರೆ, ಅಂದರೆ ಕಡಿದಾದ ಮಣ್ಣಿನ ಗೋಡೆ, ಇನ್ನೊಂದು ಕಡೆ ಕಾಫಿ ಗಿಡ. ನಾವು ಯಾವ ಗಾಡಿ ಕೊಳ್ಳಬೇಕು ಅನ್ನುವುದನ್ನು ಕೊನೆಗೆ ಹೇಳಿದ್ದು ಆ ತಿರುವೇ.

16 ವರ್ಷ ನಮ್ಮಲ್ಲಿದ್ದದ್ದು ಮಾರುತಿ ಓಮ್ನಿ ವ್ಯಾನ್. ಅದರ ಜಾರುವ ಬಾಗಿಲನ್ನು ನಾನು ಈಗಲೂ ನೆನೆಯುತ್ತೇನೆ. ಬರೆಗೆ ಒತ್ತಿ ನಿಲ್ಲಿಸಿದರೂ ಬಾಗಿಲು ತೆಗೆದು ಮಕ್ಕಳನ್ನು ಇಳಿಸಬಹುದಿತ್ತು. ಆದರೆ 2019ರಲ್ಲಿ ಓಮ್ನಿ ತಯಾರಿಕೆಯೇ ನಿಂತಿತು. ನಮ್ಮದಕ್ಕೂ ತುಕ್ಕು ಹಿಡಿದು ನೆಲದಲ್ಲಿ ತೂತು ಬಿದ್ದಿತ್ತು. ಹಾಗಾಗಿ 2022ರ ಮಳೆಗಾಲದಲ್ಲಿ ಹುಡುಕಾಟ ಶುರುವಾಯಿತು.

ನಾವು ಐದು ಜನ. ನಾನು, ಮನೆಯವರು, ಅತ್ತೆ, ಇಬ್ಬರು ಮಕ್ಕಳು. ಜೊತೆಗೆ ಬೊಳ್ಳಿ, ನಮ್ಮ ನಾಯಿ. ಭಾನುವಾರ ಮನೆಯಲ್ಲಿ ಕೂರುವ ಜನ ನಾವಲ್ಲ. ಒಂದು ವಾರ ಚೇಲಾವರ ಜಲಪಾತ, ಇನ್ನೊಂದು ವಾರ ತಡಿಯಂಡಮೋಳ್ ಬೆಟ್ಟ. ಬೇಸಿಗೆಯಲ್ಲಿ ಮಕ್ಕಳ ಸೈಕಲ್ ಹಾಕಿಕೊಂಡು ಎಲ್ಲಾದರೂ ಹೊರಡುತ್ತೇವೆ. ಬೆಟ್ಟಕ್ಕೆ ಬರಲಾಗದಿದ್ದರೂ ಅತ್ತೆ ಜೊತೆಗೆ ಬರಲೇಬೇಕು. ನಾವು ಹತ್ತಿ ಇಳಿಯುವ ತನಕ ನಾಲ್ಕುನಾಡು ಅರಮನೆ ಹತ್ತಿರ ಫ್ಲಾಸ್ಕ್ ಕಾಫಿ ಇಟ್ಟುಕೊಂಡು ಕೂರುತ್ತಾರೆ.

ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು, "ಜೀಪ್ ತಗೊಳ್ಳಿ." ಕೊಡಗಿನಲ್ಲಿ ಇದು ತಪ್ಪು ಸಲಹೆ ಅಲ್ಲ. ಆದರೆ ಫೋರ್ ವೀಲ್ ಡ್ರೈವ್ ನಿಜವಾಗಿ ಬೇಕಾಗುವ ದಾರಿಗೆ ನಾವು ವರ್ಷಕ್ಕೆ ಎಷ್ಟು ಸಲ ಹೋಗುತ್ತೇವೆ ಅಂತ ಲೆಕ್ಕ ಹಾಕಿದೆ. ಮಾಂದಲಪಟ್ಟಿಗೆ ಒಂದೋ ಎರಡೋ ಸಲ. ಅಲ್ಲಿ ಬಾಡಿಗೆ ಜೀಪ್ ಸಿಗುತ್ತದೆ, ಆ ದಾರಿಯ ಕಲ್ಲು ಕಲ್ಲೂ ಗೊತ್ತಿರುವ ಡ್ರೈವರ್ ಇರುತ್ತಾರೆ. ಆ ಎರಡು ದಿನಕ್ಕಾಗಿ ಅತ್ತೆ ವರ್ಷವಿಡೀ ಮಂಡಿನೋವಿನಲ್ಲಿ ಎತ್ತರದ ಗಾಡಿ ಹತ್ತಬೇಕಾ? ಅಲ್ಲಿಗೆ ಜೀಪಿನ ಯೋಚನೆ ಬಿಟ್ಟೆವು.

ಮೊದಲು ಮಾಡಿದ ಕೆಲಸ, ನಮ್ಮ ಸಾಮಾನನ್ನೆಲ್ಲ ಕಾಫಿ ಒಣಗಿಸುವ ಕಣದಲ್ಲಿ ರಾಶಿ ಹಾಕಿದ್ದು. ಟೆಂಟ್, ಟಾರ್ಪಾಲು, ಐದು ಜೊತೆ ಗಂಬೂಟು, ಸ್ಟವ್, ನೀರಿನ ಕ್ಯಾನ್, ಮುಂದಿನ ಚಕ್ರ ಬಿಚ್ಚಿದ ಎರಡು ಸೈಕಲ್, ಬೊಳ್ಳಿಯ ಹಾಸಿಗೆ. ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು ಟೇಪಿನಲ್ಲಿ ಅಳೆದೆವು. ಉದ್ದ, ಅಗಲ, ಎತ್ತರ ಮೂರನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಶೋರೂಮಿಗೆ ಹೋದೆ. ಡಿಕ್ಕಿಯ ಜಾಗದ ಲೀಟರ್ ಲೆಕ್ಕ ಓದಿದರೆ ಸೈಕಲ್ ಹಿಡಿಸುತ್ತದೋ ಇಲ್ಲವೋ ತಿಳಿಯುವುದಿಲ್ಲ, ಚೀಟಿ ಹಿಡಿದು ಅಳೆದರೆ ತಿಳಿಯುತ್ತದೆ.

ಸಾಮಾನನ್ನು ಮೇಲೆ ಕ್ಯಾರಿಯರ್‌ಗೆ ಕಟ್ಟಬಹುದಲ್ವಾ ಅಂತ ಒಬ್ಬರು ಕೇಳಿದರು. ತೋಟದ ದಾರಿಯಲ್ಲಿ ಕೊಂಬೆ ತಗುಲುತ್ತದೆ. ಸಂಜೆ ಹೊತ್ತು ಆನೆ ಓಡಾಡುವ ಕಡೆ ಹಗ್ಗ ಸಡಿಲವಾಯಿತು ಅಂತ ಇಳಿದು ನಿಲ್ಲುವ ಹಾಗೂ ಇಲ್ಲ. ನನಗೆ ಎಲ್ಲವೂ ಒಳಗೇ ಹಿಡಿಸಬೇಕಿತ್ತು.

ಕೈಗೆಟುಕುವಂತೆ ಕಂಡದ್ದು ಮೂರು ಸಾಲು ಸೀಟಿನ ಮೂರು ಗಾಡಿ: ರೆನೋ ಟ್ರೈಬರ್, ಮಾರುತಿ ಎರ್ಟಿಗಾ, ಕಿಯಾ ಕ್ಯಾರೆನ್ಸ್. ಟ್ರೈಬರ್ ನಾಲ್ಕು ಮೀಟರ್ ಒಳಗಿನ ಗಾಡಿ. ಹಿಂದಿನ ಸೀಟುಗಳನ್ನು ಪೂರ್ತಿ ಕಳಚಿ ಮನೆಯಲ್ಲೇ ಇಟ್ಟು ಬಂದರೆ ಡಿಕ್ಕಿ 625 ಲೀಟರ್ ಆಗುತ್ತದೆ. ಆ ಉಪಾಯ ನನಗೆ ತುಂಬಾ ಹಿಡಿಸಿತು. ಮೂರೋ ನಾಲ್ಕೋ ಜನರ ಮನೆಯಾಗಿದ್ದರೆ ಅದನ್ನೇ ತರುತ್ತಿದ್ದೆ. ಎರ್ಟಿಗಾ ಸುಮಾರು 4.4 ಮೀಟರ್. ಮೂರೂ ಸಾಲು ಎತ್ತಿದ್ದರೆ 209 ಲೀಟರ್, ಹಿಂದಿನ ಸಾಲು ಮಡಿಸಿದರೆ 550. ಕ್ಯಾರೆನ್ಸ್ ಇನ್ನೂ ಉದ್ದ, 4.54 ಮೀಟರ್. ಸಿಎನ್‌ಜಿ ಗಾಡಿಯನ್ನು ಮಾತ್ರ ಮೊದಲೇ ಕೈಬಿಟ್ಟೆವು. ಸಿಲಿಂಡರ್ ಡಿಕ್ಕಿಯಲ್ಲೇ ಕೂರುತ್ತದೆ, ಟೆಂಟ್ ಇಡಲು ಜಾಗವೇ ಉಳಿಯುವುದಿಲ್ಲ.

ಇನ್ನು ಏರಿನ ವಿಷಯ. ಎಲ್ಲರೂ ಪವರ್ ಎಷ್ಟು ಅಂತ ಕೇಳುತ್ತಾರೆ. ಆದರೆ ತುಂಬಿದ ಗಾಡಿಯನ್ನು ಏರಿನಲ್ಲಿ ಎಳೆಯುವುದು ಕಡಿಮೆ ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಧಾನ ಸುತ್ತುವಾಗಲೇ, ಸಿಗುವ ಟಾರ್ಕ್, ಅಂದರೆ ತಿರುಗಿಸುವ ಬಲ. ಅದನ್ನು ಅಳೆಯುವುದು ಎನ್‌ಎಂ (ನ್ಯೂಟನ್ ಮೀಟರ್) ಲೆಕ್ಕದಲ್ಲಿ. ಟ್ರೈಬರ್‌ನ ಒಂದು ಲೀಟರ್ ಎಂಜಿನ್ನಿಗೆ 96 ಎನ್‌ಎಂ. ಎರ್ಟಿಗಾ ಪೆಟ್ರೋಲ್‌ಗೆ ಸುಮಾರು 137, ಅದೂ 4400 ಆರ್‌ಪಿಎಂನಲ್ಲಿ. ಕ್ಯಾರೆನ್ಸ್ ಡೀಸೆಲ್‌ಗೆ 250, ಅದು 1500ರಲ್ಲೇ ಶುರುವಾಗುತ್ತದೆ. ಕಾಗದದ ಮೇಲೆ ಇವು ಬರೀ ಅಂಕಿ. ನಮ್ಮ ದಾರಿಯಲ್ಲಿ ಇದರ ಅರ್ಥ ಏನು ಅಂತ ನೋಡಬೇಕಿತ್ತು.

ಒಂದು ಶೋರೂಮಿನವರು ತೋಟದ ದಾರಿಗೆ ಗಾಡಿ ತರಲು ಒಪ್ಪಲೇ ಇಲ್ಲ. ಪೇಟೆಯ ಸಮತಟ್ಟು ರಸ್ತೆಯಲ್ಲಿ ಎರಡು ಕಿಲೋಮೀಟರ್ ಓಡಿಸಿ, ಸಾಕು ಅಂದರು. ಬೇಜಾರಾಯಿತು. ಲಕ್ಷಗಟ್ಟಲೆ ಕೊಡುವವರು ಇಷ್ಟು ಕೇಳುವುದು ತಪ್ಪಾ? ಬೇರೆ ಇಬ್ಬರು ಒಪ್ಪಿದರು. ಒಂದು ಪೆಟ್ರೋಲ್, ಒಂದು ಡೀಸೆಲ್ ನಮ್ಮ ಕಣದವರೆಗೆ ಬಂದವು. ಎರಡರಲ್ಲೂ ಐದು ಜನ ಕೂತು, ಸಾಮಾನು ತುಂಬಿ, ಏರು ಹತ್ತಿಸಿದೆ. ತಿರುವಿನಲ್ಲಿ ಬೇಕೆಂದೇ ನಿಲ್ಲಿಸಿ ಮತ್ತೆ ಹೊರಟೆ. ಪೆಟ್ರೋಲ್‌ನಲ್ಲಿ ಕ್ಲಚ್ ಸ್ವಲ್ಪ ಒತ್ತಿಹಿಡಿದು ಎಂಜಿನ್ ಏರಿಸಬೇಕಾಯಿತು. ಡೀಸೆಲ್ ಆಕ್ಸಿಲರೇಟರ್ ಮುಟ್ಟಿದ್ದೇ ತಡ, ಹೊರಟಿತು. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಹತ್ತುವ ದಾರಿ ಅದು. ಗಾಡಿ ಓಡಿಸುವವಳು ನಾನು. ಮನಸ್ಸು ಅಲ್ಲೇ ವಾಲಿತು.

ನೆಲದಿಂದ ಎಷ್ಟು ಎತ್ತರ ಅನ್ನುವುದನ್ನೂ ಖಾಲಿ ಗಾಡಿಯಲ್ಲಿ ನೋಡಬೇಡಿ. ತುಂಬಿದ ಮೇಲೆ ಹಿಂಬದಿ ಮೂರು ಬೆರಳಿನಷ್ಟು ತಗ್ಗಿದ್ದನ್ನು ನಾನೇ ಅಳೆದೆ. ಅತ್ತೆಯನ್ನೂ ಹತ್ತಿ ಇಳಿಸಿದೆವು. "ಕಾಲು ಎತ್ತಬೇಕಾಗಿಲ್ಲ ಮಗಾ, ಸುಮ್ನೆ ಕೂತ್ಕೊಂಡೆ" ಅಂದರು.

ಕ್ಯಾರೆನ್ಸ್ ಡೀಸೆಲ್, ಆರು ಗೇರಿನ ಮ್ಯಾನುಯಲ್ ತೆಗೆದುಕೊಂಡೆವು. ಆರು ಏರ್‌ಬ್ಯಾಗ್, ಏರಿನಲ್ಲಿ ಹಿಂದೆ ಜಾರದಂತೆ ಹಿಡಿಯುವ ವ್ಯವಸ್ಥೆ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಇವೆಲ್ಲ ಕೆಳಗಿನ ಮಾಡೆಲ್‌ನಲ್ಲೂ ಇದ್ದದ್ದು ಧೈರ್ಯ ಕೊಟ್ಟಿತು. ಮೇಲಿನ ಮಾಡೆಲ್‌ನ ಸನ್‌ರೂಫ್ ನಮಗೆ ಬೇಕಿರಲಿಲ್ಲ. ಒಂದು ವಿಷಯ ಮೊದಲೇ ಲೆಕ್ಕಕ್ಕೆ ಇಟ್ಟುಕೊಳ್ಳಿ. ಗಾಡಿಯ ಬೆಲೆ 10 ಲಕ್ಷ ದಾಟಿದರೆ ನಮ್ಮ ರಾಜ್ಯದಲ್ಲಿ ಜೀವಾವಧಿ ತೆರಿಗೆ ಶೇ. 14ರಿಂದ 17ಕ್ಕೆ ಏರುತ್ತಿತ್ತು, ಮೇಲೆ ಸೆಸ್ ಬೇರೆ. ನಮಗೆ ಅದು ಭಾರವೇ ಆಯಿತು. ಆ ವರ್ಷದ ಕಾಳುಮೆಣಸಿನ ದುಡ್ಡೆಲ್ಲ ಇದಕ್ಕೇ ಹೋಯಿತು.

ಡೀಸೆಲ್ ತರುವವರು ಇನ್ನೊಂದು ತಿಳಿದಿರಬೇಕು. ಹೊಗೆ ಮಿತಿಯ ಬಿಎಸ್6 ನಿಯಮಕ್ಕೆ ತಕ್ಕ ಈಗಿನ ಡೀಸೆಲ್‌ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಶಾಲೆಗೆ, ಅಂಗಡಿಗೆ ಅಂತ ಬರೀ ಮೂರು ನಾಲ್ಕು ಕಿಲೋಮೀಟರ್ ಓಡಿಸಿದರೆ ಆ ಮಸಿ ಸುಟ್ಟುಹೋಗುವಷ್ಟು ಬಿಸಿ ಬರುವುದಿಲ್ಲ. ಹಾಗಾಗಿ ವಾರಕ್ಕೊಮ್ಮೆ ಮಡಿಕೇರಿ ದಾಟಿ ಕುಶಾಲನಗರದ ತನಕ ಒಂದೇ ಸಮನೆ ಓಡಿಸುತ್ತೇನೆ. ಸಂತೆ ಸಾಮಾನೂ ಆಗುತ್ತದೆ.

ಹಿಂದಿನ ಸಾಲು ಬಹುತೇಕ ಮಡಿಸಿಯೇ ಇರುತ್ತದೆ. ಅದರ ಮೇಲೆ ದಪ್ಪ ರಬ್ಬರ್ ಮ್ಯಾಟ್ ಹಾಸಿದ್ದೇವೆ. ಗಂಬೂಟಿನ ಜೊತೆ ಜಿಗಣೆಯೂ ಗಾಡಿ ಹತ್ತುತ್ತದೆ. ಮ್ಯಾಟ್ ಎಳೆದು ಉಪ್ಪು ನೀರಿನಲ್ಲಿ ತೊಳೆದರಾಯಿತು, ಬಟ್ಟೆಯ ಕಾರ್ಪೆಟ್ ಆಗಿದ್ದರೆ ಹುಡುಕುವುದೇ ಕಷ್ಟ. ಗಾಡಿ ತುಂಬಿದ ದಿನ ಟೈರಿಗೆ ಎಷ್ಟು ಗಾಳಿ ಬೇಕು ಅನ್ನುವುದು ಡ್ರೈವರ್ ಬಾಗಿಲಿನ ಒಳಗಿನ ಸ್ಟಿಕ್ಕರ್‌ನಲ್ಲೇ ಇದೆ. ಹೊರಡುವ ಮೊದಲು ಅದನ್ನು ನೋಡಿಕೊಳ್ಳುತ್ತೇನೆ.

ಮೂರೂ ಗಾಡಿಗಳದ್ದು ಎಳೆಯುವ ಚಕ್ರ ಮುಂದಿನದೇ. ಹಿಂದೆ ಭಾರ ಹೇರಿ ಏರು ಹತ್ತಿದರೆ ಮುಂದಿನ ಚಕ್ರದ ಮೇಲಿನ ತೂಕ ಕಮ್ಮಿಯಾಗುತ್ತದೆ, ಕೆಸರಿನಲ್ಲಿ ಸುಮ್ನೆ ಸುತ್ತುತ್ತದೆ. ಮೊದಲ ಮಳೆಗಾಲದಲ್ಲಿ ಎರಡು ಸಲ ಎಲ್ಲರೂ ಇಳಿದು ನಡೆದೆವು. ಮುಂದಿನ ಬೇಸಿಗೆಯಲ್ಲಿ ತಿರುವಿನಲ್ಲಿ ಎರಡು ಪಟ್ಟಿ ಕಾಂಕ್ರೀಟ್ ಹಾಕಿಸಿದೆವು. ಶೆಡ್ಡನ್ನೂ ಎರಡು ಅಡಿ ಹಿಂದಕ್ಕೆ ಬೆಳೆಸಿದೆವು. ಹುತ್ತರಿ ಸುಗ್ಗಿ ಹಬ್ಬಕ್ಕೆ ತವರಿಗೆ ಹೋಗುವಾಗ ಮಾತ್ರ ಹಿಂದಿನ ಸೀಟು ಎದ್ದು ನಿಲ್ಲುತ್ತದೆ. ನಾದಿನಿಯ ಮಕ್ಕಳಿಬ್ಬರು ಅಲ್ಲಿ, ಬೊಳ್ಳಿ ಅವರ ಕಾಲ ಬಳಿ.